ಮೂರು ಗಾಯಗಳಿಗೆ ಒಂದೇ ಯಂತ್ರ ಸಾಕೇ?

ಪ್ರಶ್ನೆ: ನಾವು ಬ್ರಹ್ಮಾವರದವರು. ನನ್ನ ತಂದೆಗೆ 66 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿರುವುದರಿಂದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಬಲಗಾಲಿನ ಚರ್ಮ ಸುಲಿದುಹೋಯಿತು. ಮೊಣಕಾಲಿನ ಕೆಳಗೆ ಒಂದು, ಹಿಮ್ಮಡಿಗಂಟಿನ ಮೇಲೆ ಒಂದು ಗಾಯವಿದೆ. ಎರಡಕ್ಕೂ ಕವಲು ನಳಿಕೆ ಸೇರಿಸಿ ಒಂದೇ ವ್ಯಾಕ್ ಯಂತ್ರ (ಗಾಯದ ದ್ರವವನ್ನು ಎಳೆದು ತೆಗೆಯುವ ಯಂತ್ರ) ಹಾಕಿದ್ದಾರೆ. ಮಲಗಿಯೇ ಇದ್ದುದರಿಂದ ಬೆನ್ನಿನ ಕೆಳಗೆ ಬೆಡ್‌ಸೋರ್ ಆಗಿದೆ. ಅದರಲ್ಲಿ ಕೀವು ಮತ್ತು ವಾಸನೆ ಇದೆ. ಅದಕ್ಕೆ ವ್ಯಾಕ್ ಹಾಕುವುದಾದರೆ ಬೇರೆಯೇ ಯಂತ್ರ ಬೇಕು ಎಂದು ವೈದ್ಯರು ಹೇಳುತ್ತಾರೆ. ಇನ್ನೊಂದು ಕವಲು ಸೇರಿಸಿದರೆ ಆಗದೇ? ಅಥವಾ ಹಗಲು ಕಾಲಿಗೆ, ರಾತ್ರಿ ಬೆನ್ನಿಗೆ ಎಂದು ಒಂದೇ ಯಂತ್ರವನ್ನು ಬಳಸಬಹುದೇ? ಎರಡು ಬಾಡಿಗೆ ನಮಗೆ ಕಷ್ಟ. ಮಳೆಗಾಲದಲ್ಲಿ ಕರೆಂಟು ಹೋಗುತ್ತಲೇ ಇರುತ್ತದೆ. ಜೊತೆಗೆ, ಮೀನು ಮತ್ತು ಮೊಟ್ಟೆ ನಂಜು, ಕೊಡಬಾರದು ಎಂದು ದೊಡ್ಡಮ್ಮ ಹೇಳುತ್ತಾರೆ. ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ. ಕಾಲಿನ ಎರಡು ಗಾಯಗಳನ್ನು ಒಂದೇ ಯಂತ್ರಕ್ಕೆ ಸೇರಿಸಿದ್ದೂ ಸರಿ, ಬೆನ್ನಿನ ಹುಣ್ಣನ್ನು ಸೇರಿಸದೆ ಬಿಟ್ಟದ್ದೂ ಸರಿ. ಹಾಗೆಂದ ಮಾತ್ರಕ್ಕೆ ನೀವು ನಾಳೆಯೇ ಎರಡನೇ ಯಂತ್ರ ತರಬೇಕು ಎಂದು ಅರ್ಥವಲ್ಲ. ಬೆನ್ನಿನ ಹುಣ್ಣಿಗೆ ಈಗ ಬೇಕಾಗಿರುವುದು ಯಂತ್ರವೇ ಅಲ್ಲದಿರಬಹುದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಯಂತ್ರ ಮಾಡುವ ಕೆಲಸವನ್ನು ನೋಡೋಣ. ಗಾಯದೊಳಗೆ ರಂಧ್ರಗಳಿರುವ ಕಪ್ಪು ಸ್ಪಂಜು ಇಡುತ್ತಾರೆ. ಅದರ ಮೇಲೆ ಪಾರದರ್ಶಕವಾದ ಅಂಟುಹಾಳೆ ಹಾಸಿ ಗಾಳಿ ಆಡದಂತೆ ಮುಚ್ಚುತ್ತಾರೆ. ಹಾಳೆಯಲ್ಲಿ ಒಂದು ತೂತು ಮಾಡಿ ನಳಿಕೆ ಕೂರಿಸುತ್ತಾರೆ. ಯಂತ್ರ ಎಳೆಯತೊಡಗಿದ ಕ್ಷಣದಲ್ಲಿ ಉಬ್ಬಿಕೊಂಡಿದ್ದ ಸ್ಪಂಜು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿ ಗಟ್ಟಿಯಾಗುವುದನ್ನು ನೀವೂ ನೋಡಿರುತ್ತೀರಿ. ಆ ಸುಕ್ಕಿನಲ್ಲೇ ಚಿಕಿತ್ಸೆಯ ಸಾರವಿದೆ. ಸ್ಪಂಜು ಕುಗ್ಗಿದಾಗ ಗಾಯದ ಅಂಚುಗಳು ಹತ್ತಿರ ಬರುತ್ತವೆ. ಅದರ ಸಣ್ಣ ರಂಧ್ರಗಳು ತಳದ ಮಾಂಸವನ್ನು ಸೂಕ್ಷ್ಮವಾಗಿ ಎಳೆದಾಗ ಜೀವಕೋಶಗಳು ಬೆಳೆಯಲು ಪ್ರಚೋದನೆ ಸಿಗುತ್ತದೆ. ಸುತ್ತಲಿನ ಊತದ ನೀರು ನಳಿಕೆಯ ಮೂಲಕ ಯಂತ್ರದ ಡಬ್ಬಿಗೆ ಇಳಿಯುತ್ತದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಅರ್ಜೆಂಟಾ ಮತ್ತು ಮೊರಿಕ್ವಾಸ್ ಎಂಬ ಇಬ್ಬರು 1997ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ವಿಧಾನ ಜಗತ್ತಿನಾದ್ಯಂತ ಹರಡಿತು. ನಿಮ್ಮ ಯಂತ್ರದ ಪರದೆಯಲ್ಲಿ ಕಾಣುವ 125 ಎಂಬ ಅಂಕಿ ಅವರ ಹಂದಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಅದರ ಅಳತೆ ಪಾದರಸದ ಮಿಲಿಮೀಟರ್. ನಮ್ಮಂತಹ ಕಡಲ ತೀರದ ಊರಿನಲ್ಲಿ ಗಾಳಿಯ ಒತ್ತಡ ಸುಮಾರು 760 ಇರುತ್ತದೆ. ಅದರಲ್ಲಿ ಆರನೇ ಒಂದು ಭಾಗದಷ್ಟನ್ನು ಗಾಯದ ಮೇಲಿನಿಂದ ತೆಗೆದಂತೆ ಎಂದು ತಿಳಿಯಿರಿ.

ಈಗ ಹಲವು ಗಾಯಗಳ ವಿಷಯಕ್ಕೆ ಬರುತ್ತೇನೆ. ಒಂದೇ ಯಂತ್ರದಿಂದ ಎರಡು ಗಾಯಗಳನ್ನು ಎಳೆಯಲು ಎರಡು ದಾರಿಗಳಿವೆ. ಗಾಯಗಳು ಒಂದು ಗೇಣಿನೊಳಗೆ ಹತ್ತಿರ ಇದ್ದರೆ ನಡುವಿನ ಒಳ್ಳೆಯ ಚರ್ಮದ ಮೇಲೆ ಮೊದಲು ಅಂಟುಹಾಳೆ ಹಾಸಿ, ಅದರ ಮೇಲೆ ಸ್ಪಂಜಿನ ಪಟ್ಟಿಯನ್ನು ಸೇತುವೆಯಂತೆ ಇಡುತ್ತೇವೆ. ಬರಿ ಚರ್ಮಕ್ಕೆ ಸ್ಪಂಜು ತಾಗಿದರೆ ಅಲ್ಲೇ ಹೊಸ ಹುಣ್ಣು ಏಳುತ್ತದೆ. ಗಾಯಗಳು ದೂರದಲ್ಲಿದ್ದರೆ ಪ್ರತಿಯೊಂದಕ್ಕೂ ಬೇರೆ ಸ್ಪಂಜು, ಬೇರೆ ನಳಿಕೆ ಕೊಟ್ಟು ಕವಲು ಕನೆಕ್ಟರಿನಲ್ಲಿ ಸೇರಿಸುತ್ತೇವೆ. ನಿಮ್ಮ ತಂದೆಯವರಿಗೆ ಮಾಡಿರುವುದು ಇದನ್ನೇ.

ಹೀಗೆ ಸೇರಿಸುವಾಗ ನಾನು ನೋಡುವುದು ಗಾಯಗಳ ಸಂಖ್ಯೆಯನ್ನಲ್ಲ, ಅವುಗಳ ಸ್ವಭಾವವನ್ನು. ಎರಡೂ ಒಂದೇ ಕಾರಣದಿಂದ ಆದವೇ? ಎರಡಕ್ಕೂ ಒಂದೇ ಒತ್ತಡ ಸಾಕೇ? ಎರಡನ್ನೂ ಒಂದೇ ದಿನ ಬಿಚ್ಚಿ ಕಟ್ಟಬಹುದೇ? ಎರಡೂ ಶುದ್ಧವಾಗಿವೆಯೇ? ಕಾಲಿನ ಗಾಯಗಳ ವಿಷಯದಲ್ಲಿ ನಾಲ್ಕಕ್ಕೂ ಹೌದು ಎನ್ನಬಹುದು. ಬೆನ್ನಿನ ಹುಣ್ಣಿನ ವಿಷಯದಲ್ಲಿ ಒಂದಕ್ಕೂ ಹೌದು ಎನ್ನಲಾಗದು. ಅದು ಒತ್ತಡದಿಂದ ಆದದ್ದು, ಕೀವಿದೆ, ವಾಸನೆಯಿದೆ. ಶುದ್ಧ ಗಾಯಕ್ಕೆ 48ರಿಂದ 72 ಗಂಟೆಗೊಮ್ಮೆ ಡ್ರೆಸ್ಸಿಂಗ್ ಬದಲಿಸಿದರೆ ಸಾಕು. ಸೋಂಕಿರುವುದನ್ನು ಅದಕ್ಕಿಂತ ಬೇಗ, ಕೆಲವೊಮ್ಮೆ ದಿನವೂ ಬಿಚ್ಚಿ ನೋಡಬೇಕಾಗುತ್ತದೆ.

ಎಲ್ಲವೂ ಡಬ್ಬಿಯ ಕಡೆಗೇ ಹರಿಯುತ್ತದೆ ಅಲ್ಲವೇ, ಒಂದು ಗಾಯದ ಕೀವು ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂದು ನೀವು ಕೇಳಬಹುದು. ಯಂತ್ರ ಎಳೆಯುತ್ತಿರುವಷ್ಟು ಹೊತ್ತು ಹರಿವು ಒಂದೇ ದಿಕ್ಕಿಗೆ. ಕರೆಂಟು ಹೋಗಿ ಬ್ಯಾಟರಿ ಮುಗಿದಾಗ, ಅಂಟುಹಾಳೆ ಎಲ್ಲೋ ಬಿಟ್ಟುಕೊಂಡಾಗ, ಡಬ್ಬಿ ತುಂಬಿ ಎಳೆತ ನಿಂತಾಗ ನಳಿಕೆಯೊಳಗಿನ ದ್ರವಕ್ಕೆ ದಿಕ್ಕು ಇರುವುದಿಲ್ಲ. ತಂದೆಯವರು ಮಗ್ಗುಲು ಬದಲಿಸಿದರೆ ತಗ್ಗಿನಲ್ಲಿರುವ ಕಡೆಗೆ ಅದು ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಶುದ್ಧ ಗಾಯಕ್ಕೆ ಬೆನ್ನಿನ ಹುಣ್ಣಿನ ಕೀವು ಸೇರಿದರೆ ಎರಡು ತಿಂಗಳ ನಿಮ್ಮ ಶ್ರಮ ನೀರುಪಾಲಾಗುತ್ತದೆ. ಆದ್ದರಿಂದ ಸೋಂಕಿರುವ ಗಾಯವನ್ನೂ ಇಲ್ಲದಿರುವುದನ್ನೂ ಕವಲಿನಲ್ಲಿ ಸೇರಿಸಬಾರದು ಎಂಬ ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹಣದ ಕಷ್ಟ ಎಷ್ಟಿದ್ದರೂ ಕೊಡುವುದಿಲ್ಲ.

ಹಗಲು ಕಾಲಿಗೆ, ರಾತ್ರಿ ಬೆನ್ನಿಗೆ ಎಂಬ ಉಪಾಯವೂ ನಡೆಯುವುದಿಲ್ಲ. ಸ್ಪಂಜು ಒಳಗಿದ್ದು ಎಳೆತ ನಿಂತರೆ ಗಾಯ ತನ್ನದೇ ರಸಿಕೆಯಲ್ಲಿ ಮುಚ್ಚಿಹೋದಂತಾಗುತ್ತದೆ. ಬೆಚ್ಚಗಿನ, ಒದ್ದೆಯಾದ, ಗಾಳಿಯಿಲ್ಲದ ಆ ಜಾಗ ರೋಗಾಣುಗಳಿಗೆ ಹೇಳಿ ಮಾಡಿಸಿದ ತಾಣ. ಇಡೀ ದಿನದಲ್ಲಿ ಎಲ್ಲ ನಿಲುಗಡೆಗಳೂ ಸೇರಿ ಎರಡು ಗಂಟೆ ಮೀರಬಾರದು. ಮೀರಿದರೆ ಸ್ಪಂಜು ತೆಗೆದು, ತೊಳೆದು, ಮಾಮೂಲಿ ಡ್ರೆಸ್ಸಿಂಗ್ ಹಾಕಬೇಕು. ಅಂದರೆ ದಿನಕ್ಕೆ 22 ಗಂಟೆ ಕಾಲಿಗೇ ಬೇಕು. ಬೆನ್ನಿಗೆ ಕೊಡಲು ಉಳಿಯುವುದು ಏನೂ ಇಲ್ಲ.

ಕಾಲಿನ ಎರಡು ಗಾಯಗಳು ಒಂದೇ ಯಂತ್ರದಲ್ಲಿರುವುದರಿಂದ ಬರುವ ಒಂದು ಅಪಾಯವನ್ನು ನಿಮಗೆ ಬಿಡಿಸಿ ಹೇಳಲೇಬೇಕು. ನೀವು ಅದನ್ನು ಕೇಳಿಲ್ಲ. ಆದರೆ ಮನೆಯಲ್ಲಿ ನೋಡಿಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ.

ಕೆಲವು ವರ್ಷಗಳ ಹಿಂದೆ ತೆಂಗಿನ ಮರದಿಂದ ಬಿದ್ದ ಒಬ್ಬರನ್ನು ನೋಡಿಕೊಳ್ಳುತ್ತಿದ್ದೆ. ತೊಡೆಯಲ್ಲೊಂದು, ಮೊಣಕಾಲಿನ ಪಕ್ಕದಲ್ಲೊಂದು ಗಾಯ, ಕವಲು ಕನೆಕ್ಟರ್, ಒಂದು ಯಂತ್ರ. ಬೆಳಗಿನ ಸುತ್ತಿನಲ್ಲಿ ಪರದೆ ನೋಡಿದೆ. 125 ಎಂದೇ ಇತ್ತು, ಅಲಾರಾಂ ಇರಲಿಲ್ಲ. ಮುಂದಿನ ಹಾಸಿಗೆಗೆ ಹೊರಟವನನ್ನು ಅವರ ಹೆಂಡತಿ ತಡೆದರು. "ಡಾಕ್ಟರೇ, ಮೇಲಿನದು ಗಟ್ಟಿ ಇದೆ. ಕೆಳಗಿನದು ಕಡುಬಿನ ಹಾಗೆ ಮೆತ್ತಗಾಗಿದೆ" ಎಂದರು. ಬೆರಳಿಟ್ಟು ನೋಡಿದೆ. ಅವರು ಹೇಳಿದಂತೆಯೇ ಇತ್ತು. ಕನೆಕ್ಟರಿನ ಹತ್ತಿರ ಕಿರುಬೆರಳಿನ ಉಗುರಿನಷ್ಟು ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು ಕೆಳಗಿನ ಕವಲು ಪೂರ್ತಿ ಮುಚ್ಚಿತ್ತು. ಮೇಲಿನ ಗಾಯದ ಮುಚ್ಚಿಗೆ ಚೆನ್ನಾಗಿದ್ದುದರಿಂದ ಯಂತ್ರಕ್ಕೆ ಎಲ್ಲವೂ ಸರಿಯಿದೆ ಎಂದೇ ಅನಿಸಿತ್ತು. ಕೆಳಗಿನ ಗಾಯವನ್ನು ಬಿಚ್ಚಿದಾಗ ತಳದಲ್ಲಿ ಮಂಕು ಹಳದಿ ಪೊರೆ ಕೂತಾಗಿತ್ತು.

ಪರದೆಯ ಅಂಕಿ ಯಂತ್ರದ ಅಂಕಿ. ಅದು ನಿಮ್ಮ ತಂದೆಯವರ ಪ್ರತಿಯೊಂದು ಗಾಯದ ಅಂಕಿಯಲ್ಲ. ಅಂಟುಹಾಳೆ ಒಂದು ಕಡೆ ಬಿಟ್ಟುಕೊಂಡರೆ ಎರಡೂ ಗಾಯಗಳ ಎಳೆತ ಇಳಿಯುತ್ತದೆ, ಆಗ ಯಂತ್ರ ಕೂಗುತ್ತದೆ. ಒಂದು ಕವಲು ಕಟ್ಟಿಕೊಂಡರೆ ಮಾತ್ರ ಸುಮ್ಮನಿರಬಹುದು. ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಎರಡೂ ಗಾಯಗಳ ಮೇಲೆ ಬೆರಳಿಟ್ಟು ನೋಡಿ. ಸ್ಪಂಜು ಗಟ್ಟಿಯಾಗಿ, ಸುತ್ತಲಿನ ಚರ್ಮಕ್ಕಿಂತ ತಗ್ಗಿ, ಸುಕ್ಕುಗಟ್ಟಿ ಇರಬೇಕು. ಒಂದು ಮೆತ್ತಗಾಗಿದ್ದರೆ ನಳಿಕೆ ಮಡಚಿಕೊಂಡಿದೆಯೇ, ಕ್ಲಿಪ್ ಮುಚ್ಚಿಕೊಂಡಿದೆಯೇ, ಕಾಲಿನ ಅಡಿಗೆ ಸಿಕ್ಕಿದೆಯೇ ಎಂದು ನೋಡಿ. ಕಾರಣ ಸಿಗದಿದ್ದರೆ ನರ್ಸ್‌ಗೆ ಫೋನ್ ಮಾಡಿ. ರಾತ್ರಿ ಮಲಗುವ ಮುಂಚೆ ಒಮ್ಮೆ, ನಡುವೆ ಎಚ್ಚರವಾದಾಗ ಒಮ್ಮೆ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಯಂತ್ರ ಇಡುವ ಎತ್ತರಕ್ಕೂ ಲೆಕ್ಕವಿದೆ. ಅನೇಕ ಮನೆಗಳಲ್ಲಿ ಅದನ್ನು ಕಿಟಕಿಯ ಸರಳಿಗೋ ಗೋಡೆಯ ಮೊಳೆಗೋ ನೇತು ಹಾಕಿರುವುದನ್ನು ನೋಡಿದ್ದೇನೆ. ದ್ರವ ತುಂಬಿದ ನಳಿಕೆಯನ್ನು ಮೇಲಕ್ಕೆ ಎಳೆಯಲು ಎಳೆತದ ಒಂದು ಪಾಲು ವ್ಯಯವಾಗುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ನೀರಿನಿಂದ ತುಂಬಿದ ನಳಿಕೆ 70 ಸೆಂಟಿಮೀಟರ್ ಮೇಲೇರಬೇಕಾದರೆ 125ರಲ್ಲಿ ಸುಮಾರು 50 ಅಲ್ಲಿಯೇ ಖರ್ಚಾಗಬಹುದು. ಕೆಲವು ಯಂತ್ರಗಳು ಗಾಯದ ಹತ್ತಿರದ ಒತ್ತಡವನ್ನು ಅಳೆದು ಇದನ್ನು ಸರಿದೂಗಿಸುತ್ತವೆ. ಕವಲು ಸೇರಿದಾಗ ಆ ಅಳತೆಯನ್ನು ಎರಡೂ ಗಾಯಗಳಿಗೆ ನೆಚ್ಚಿಕೊಳ್ಳುವಂತಿಲ್ಲ. ಯಂತ್ರವನ್ನು ಗಾಯದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ಒಂದು ಸ್ಟೂಲಿನ ಮೇಲೆ ಇಡಿ.

ಡಬ್ಬಿಯ ಬಗ್ಗೆ ಹೇಳುವಾಗ ರಕ್ತದ ಮಾತು ಬರುತ್ತದೆ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಯಂತ್ರಗಳ ಬಗ್ಗೆ 2009ರಲ್ಲಿ ಎಚ್ಚರಿಕೆ ಹೊರಡಿಸಿತು. 2011ರಲ್ಲಿ ಅದನ್ನು ನವೀಕರಿಸುವ ಹೊತ್ತಿಗೆ ಅದಕ್ಕೆ ಬಂದಿದ್ದ ವರದಿಗಳಲ್ಲಿ 12 ಸಾವುಗಳಿದ್ದವು. ಅತ್ಯಂತ ಗಂಭೀರವಾದ ತೊಂದರೆ ರಕ್ತಸ್ರಾವವೇ ಆಗಿತ್ತು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಅಪಾಯದಲ್ಲಿರುವವರು. ನಿಮ್ಮ ತಂದೆಯವರು ಅಂಥವರು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಕುತ್ತು. ಎರಡು ಗಾಯಗಳ ದ್ರವ ಒಂದೇ ಡಬ್ಬಿಗೆ ಬೀಳುವಾಗ ಯಾವುದರಿಂದ ಎಷ್ಟು ಬಂತು ಎಂದು ಡಬ್ಬಿ ಹೇಳುವುದಿಲ್ಲ. ಕವಲಿಗೆ ಸೇರುವ ಮುಂಚಿನ ಎರಡು ನಳಿಕೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ತಿಳಿಗೆಂಪು ನೀರು ಸಾಮಾನ್ಯ. ಗಾಢ ಕೆಂಪಿನ ಹಸಿ ರಕ್ತ ನಳಿಕೆಯಲ್ಲಿ ಓಡತೊಡಗಿದರೆ, ಡಬ್ಬಿ ಕಣ್ಣೆದುರೇ ಏರತೊಡಗಿದರೆ ಯಂತ್ರವನ್ನು ಕೂಡಲೇ ನಿಲ್ಲಿಸಿ. ಸ್ಪಂಜನ್ನು ಕೀಳಬೇಡಿ. ಅದರ ಮೇಲೆ ಅಂಗೈಯಿಂದ ಒತ್ತಿ ಹಿಡಿದು, ಕಾಲನ್ನು ಎತ್ತರಿಸಿ, 108ಕ್ಕೆ ಕರೆ ಮಾಡಿ. ಪ್ರತಿದಿನ ಒಂದೇ ಹೊತ್ತಿಗೆ ಡಬ್ಬಿಯ ಮಟ್ಟದಲ್ಲಿ ಪೆನ್ನಿನಿಂದ ಗೆರೆ ಎಳೆದು ದಿನಾಂಕ ಬರೆಯುತ್ತಿದ್ದರೆ ಏರಿಕೆ ನಿಮಗೇ ಗೊತ್ತಾಗುತ್ತದೆ.

ಡ್ರೆಸ್ಸಿಂಗ್ ಬದಲಿಸುವ ದಿನ ನೀವು ಪಕ್ಕದಲ್ಲೇ ನಿಂತು ಸ್ಪಂಜಿನ ತುಂಡುಗಳನ್ನು ಎಣಿಸಿ. ಅನುಭವಿ ನರ್ಸ್‌ಗಳು ಅಂಟುಹಾಳೆಯ ಮೇಲೆಯೇ ಮಾರ್ಕರಿನಲ್ಲಿ "ಮೇಲೆ 1, ಕೆಳಗೆ 2" ಎಂದು ಬರೆಯುತ್ತಾರೆ. ಗಾಯಗಳು ಹೆಚ್ಚಾದಷ್ಟೂ ಲೆಕ್ಕ ತಪ್ಪುವುದು ಸುಲಭ. ಒಳಗೆ ಉಳಿದ ಸಣ್ಣ ಚೂರಿನ ಮೇಲೆ ಹೊಸ ಮಾಂಸ ಬೆಳೆದು ವಾರಗಳ ನಂತರ ಕೀವಾಗಿ ಹೊರಬಂದದ್ದನ್ನು ನಾನೇ ತೆಗೆದಿದ್ದೇನೆ.

ಇನ್ನು ಬೆನ್ನಿನ ಹುಣ್ಣು. ಕೀವು, ವಾಸನೆ ಎಂದು ಬರೆದಿದ್ದೀರಿ. ತಳದಲ್ಲಿ ಕಪ್ಪಾದ ಅಥವಾ ಹಳದಿಯಾದ ಸತ್ತ ಮಾಂಸವಿದ್ದರೆ ಅದನ್ನು ಮೊದಲು ಕತ್ತರಿಸಿ ತೆಗೆಯಬೇಕು. ಸತ್ತ ಮಾಂಸವನ್ನು ಯಂತ್ರ ಎಳೆದು ತೆಗೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ತಪ್ಪು. ಅದರ ಮೇಲೆ ಸ್ಪಂಜು ಹಾಕುವುದು ಕೊಳೆತದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟಂತೆ. ಹುಣ್ಣಿನ ತಳದಲ್ಲಿ ಮೂಳೆ ತಾಗುತ್ತಿದ್ದರೆ ಮೂಳೆಗೆ ಸೋಂಕು ಹೋಗಿದೆಯೇ ಎಂದು ಪರೀಕ್ಷಿಸಬೇಕು. ಚಿಕಿತ್ಸೆ ಕೊಡದ ಮೂಳೆ ಸೋಂಕಿನ ಮೇಲೆ ಈ ಯಂತ್ರ ಹಾಕುವಂತಿಲ್ಲ. ಗುದದ್ವಾರ ಹತ್ತಿರವಿರುವುದರಿಂದ ಅಲ್ಲಿ ಅಂಟುಹಾಳೆ ನಿಲ್ಲುವುದೂ ಕಷ್ಟ. ಮಳೆಗಾಲದ ಆಟಿ ತಿಂಗಳ ತೇವದಲ್ಲಿ, ಬೆವರಿನಲ್ಲಿ ಬೆಳಿಗ್ಗೆ ಅಂಟಿಸಿದ್ದು ಸಂಜೆಗೆ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ಮಧುಮೇಹದ ಪಾದದ ಗಾಯಗಳಲ್ಲಿ ಈ ಚಿಕಿತ್ಸೆಯ ಪ್ರಯೋಜನವನ್ನು ದೊಡ್ಡ ಅಧ್ಯಯನಗಳು ತೋರಿಸಿವೆ. 2008ರಲ್ಲಿ ಪ್ರಕಟವಾದ 342 ರೋಗಿಗಳ ಅಧ್ಯಯನದಲ್ಲಿ ಯಂತ್ರ ಹಾಕಿದವರಲ್ಲಿ ಶೇ. 43ರಷ್ಟು ಮಂದಿಯ ಗಾಯ ಪೂರ್ತಿ ಮುಚ್ಚಿಕೊಂಡರೆ, ಮಾಮೂಲಿ ತೇವದ ಡ್ರೆಸ್ಸಿಂಗ್ ಹಾಕಿದವರಲ್ಲಿ ಅದು ಶೇ. 29 ಇತ್ತು. ಬೆಡ್‌ಸೋರ್ ವಿಷಯದಲ್ಲಿ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ. ಅಲ್ಲಿ ಮೊದಲ ಮದ್ದು ಆ ಜಾಗದ ಮೇಲಿನ ಭಾರ ಇಳಿಸುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಗಾಳಿ ಹಾಸಿಗೆ ಹಾಕಿ, ಮಲಮೂತ್ರ ತಾಗದಂತೆ ನೋಡಿಕೊಳ್ಳಿ. ಮಗ್ಗುಲು ಬದಲಿಸುವಾಗ ಕಾಲಿನ ನಳಿಕೆಗಳು ದೇಹದ ಅಡಿಗೆ ಬೀಳದಿರಲಿ, ಬಿದ್ದರೆ ಅವೇ ಒತ್ತಿ ಹೊಸ ಹುಣ್ಣು ಮಾಡುತ್ತವೆ. ಎರಡನೇ ಯಂತ್ರದ ಬಾಡಿಗೆಗೆ ಮುಂಚೆ ನಿಮ್ಮ ವೈದ್ಯರನ್ನು ಹೀಗೆ ಕೇಳಿ: ಸತ್ತ ಮಾಂಸ ಪೂರ್ತಿ ತೆಗೆದಾಯಿತೇ? ಮೂಳೆ ಸೋಂಕು ಇಲ್ಲವೆಂದು ಖಚಿತವೇ? ಎರಡು ವಾರ ಭಾರ ಇಳಿಸಿ, ಮಾಮೂಲಿ ಡ್ರೆಸ್ಸಿಂಗ್ ಮಾಡಿ ನೋಡಬಹುದೇ? ಈ ಪ್ರಶ್ನೆಗಳನ್ನು ಒಳ್ಳೆಯ ವೈದ್ಯರು ಯಾರೂ ತಪ್ಪು ತಿಳಿಯುವುದಿಲ್ಲ. ಆ ಹೊತ್ತಿಗೆ ಕಾಲಿನ ಗಾಯಗಳು ಚರ್ಮ ಕಸಿಗೆ ಸಿದ್ಧವಾಗಿ ಮೊದಲ ಯಂತ್ರದ ಕೆಲಸವೇ ಮುಗಿಯುತ್ತಾ ಬಂದಿರಬಹುದು.

ಬಾಡಿಗೆ ಉಳಿಸಲು ಸಕ್ಷನ್ ಯಂತ್ರಕ್ಕೆ ಸ್ಪಂಜು ಜೋಡಿಸಿ ಮನೆಯಲ್ಲೇ ಮಾಡಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಸ್ಪತ್ರೆಯ ಗೋಡೆಯಲ್ಲಿರುವ ಸಕ್ಷನ್ ಕೊಳವೆ ಬಳಸಿ ಕಡಿಮೆ ಖರ್ಚಿನಲ್ಲಿ ಮಾಡುವ ವಿಧಾನ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿದೆ. ನಾನೂ ಮಾಡಿದ್ದೇನೆ, ಫಲವನ್ನೂ ಕಂಡಿದ್ದೇನೆ. ಆದರೆ ಅದು ವಾರ್ಡಿನಲ್ಲಿ, ಒತ್ತಡ ಅಳೆಯುವ ಮೀಟರ್ ಇಟ್ಟು, ರಾತ್ರಿಯಿಡೀ ನರ್ಸ್ ಇರುವಲ್ಲಿ ಮಾಡುವ ಕೆಲಸ. ಹಣದ ಕಷ್ಟ ತೀರಾ ಹೆಚ್ಚಿದ್ದರೆ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲೋ ಶಸ್ತ್ರಚಿಕಿತ್ಸಾ ವಿಭಾಗದವರನ್ನು ಕಂಡು ಕೇಳಿ.

ಕರೆಂಟಿನ ವಿಷಯ. ಬಾಡಿಗೆ ಕೊಟ್ಟವರಿಂದ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳಿ ಗೋಡೆಯ ಮೇಲೆ ಬರೆದಿಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಯಂತ್ರದ ಪ್ಲಗ್ ಅದರ ಸಾಲಿಗೇ ಇರಲಿ. ಗಾಳಿಮಳೆಗೆ ಇಡೀ ರಾತ್ರಿ ಕರೆಂಟು ಬಾರದಿದ್ದರೆ ಎರಡು ಗಂಟೆಯ ಮಿತಿ ದಾಟುತ್ತದೆ. ಆಗ ಸ್ಪಂಜು ತೆಗೆಯುವವರು ಯಾರು ಎಂಬುದನ್ನು ಈಗಲೇ ತೀರ್ಮಾನಿಸಿ. ನಿಮಗೆ ಕಲಿಸುವುದಾದರೆ ನರ್ಸ್ ಎದುರು ಒಮ್ಮೆ ಮಾಡಿ ತೋರಿಸಿ. ಸ್ಪಂಜಿಗೆ ಸಲೈನ್ ಹಾಕಿ, ಚೆನ್ನಾಗಿ ನೆನೆಯಲು ಬಿಟ್ಟು, ಮೆಲ್ಲಗೆ ಬಿಡಿಸಬೇಕು. ಒಣಗಿದ್ದನ್ನು ಎಳೆದರೆ ಹೊಸ ಮಾಂಸ ಕಿತ್ತು ರಕ್ತ ಬರುತ್ತದೆ. ಸಲೈನ್ ಬಾಟಲಿ, ಶುದ್ಧ ಗಾಜ್, ಗ್ಲೌಸು, ಬ್ಯಾಂಡೇಜು ಮತ್ತು ಒಂದು ಟಾರ್ಚನ್ನು ಡಬ್ಬದಲ್ಲಿ ಹಾಕಿ ತಂದೆಯವರ ಮಂಚದ ಹತ್ತಿರ ಇಡಿ.

ದೊಡ್ಡಮ್ಮನವರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮ ಕರಾವಳಿಯಲ್ಲಿ ಗಾಯವಾದವರಿಗೆ ಮೀನು, ಮೊಟ್ಟೆ, ಬದನೆ ಎಲ್ಲವನ್ನೂ ನಂಜೆಂದು ನಿಲ್ಲಿಸಿ ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿಯಲ್ಲೇ ತಿಂಗಳು ಕಳೆಸುವುದನ್ನು ಪ್ರತಿ ವಾರ ನೋಡುತ್ತೇನೆ. ನನಗೆ ಬಹಳ ನೋವಾಗುವ ವಿಷಯ ಇದು. ಮೂರು ಗಾಯಗಳಿಂದ ದಿನವೂ ಸೋರಿಹೋಗುವ ದ್ರವದಲ್ಲಿ ಪ್ರೋಟೀನ್ ಇರುತ್ತದೆ. ಹೊಸ ಮಾಂಸ ಕಟ್ಟುವುದೂ ಪ್ರೋಟೀನಿನಿಂದಲೇ. ಇಂಥ ಹುಣ್ಣುಗಳಿದ್ದಾಗ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 19 ಗ್ರಾಂ ಇದೆ. ಗಂಜಿಯಿಂದ ಈ ಲೆಕ್ಕ ಎಂದಿಗೂ ತುಂಬುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದ್ದರಿಂದ ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದರೆ ಮೀನಿನ ಗಸಿ, ಮೊಟ್ಟೆ, ಹೆಸರುಕಾಳು, ಮೊಸರು ಧಾರಾಳವಾಗಿ ಕೊಡಿ. ಯಾವುದಾದರೂ ಮೀನಿಗೆ ಮೊದಲಿನಿಂದಲೂ ತುರಿಕೆ ಆಗುತ್ತಿದ್ದರೆ ಅದೊಂದನ್ನು ಬಿಡಿ. ದೊಡ್ಡಮ್ಮನವರನ್ನು ಒಮ್ಮೆ ಡ್ರೆಸ್ಸಿಂಗ್ ದಿನ ಕರೆದುಕೊಂಡು ಹೋಗಿ, ಹಿಂದಿನ ವಾರದ ಫೋಟೋ ಮತ್ತು ಈ ವಾರದ ಗಾಯವನ್ನು ಪಕ್ಕಪಕ್ಕದಲ್ಲಿ ತೋರಿಸಿ. ಅವರ ಅಡುಗೆಯ ಕೈಯೇ ಈಗ ನಿಮಗೆ ಬೇಕಾಗಿರುವುದು.

ಆ ಫೋಟೋಗಳನ್ನು ಪ್ರತಿ ಬಾರಿ ಒಂದೇ ದೂರದಿಂದ, ಗಾಯದ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಮೊಣಕಾಲಿನ ಕೆಳಗಿನದು, ಹಿಮ್ಮಡಿಗಂಟಿನದು, ಬೆನ್ನಿನದು ಎಂದು ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿಡಿ. ಎರಡು ಗಾಯಗಳಲ್ಲಿ ಒಂದು ಮಾತ್ರ ತುಂಬಿಬರುತ್ತಾ ಇನ್ನೊಂದು ಎರಡು ವಾರ ನಿಂತಲ್ಲೇ ನಿಂತಿದ್ದರೆ ಕವಲನ್ನು ಬಿಡಿಸಿ ಅದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಹಿಮ್ಮಡಿಗಂಟಿನದೇ ಹಿಂದೆ ಬಿದ್ದರೆ ಆ ಕಾಲಿನ ರಕ್ತಸಂಚಾರವನ್ನು ಡಾಪ್ಲರ್ ಪರೀಕ್ಷೆಯಲ್ಲಿ ನೋಡಿಸಲು ತಡಮಾಡಬೇಡಿ.